ಅಡ್ಡಗಾಳಿಯ ಪಾಠಕ್ಕೆ ಪುಟ್ಟ ವಿಮಾನವೇ ಬೇಕೆ?

ವಿಮಾನಯಾನದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ, ಬಹುಕಾಲ ಪ್ರಯಾಣಿಕ ಜೆಟ್‌ಗಳ ಕ್ಯಾಪ್ಟನ್ ಆಗಿದ್ದು ಈಗ ಹೊಸಬರಿಗೆ ಹಾರಾಟ ಕಲಿಸುತ್ತಿರುವ ಹಿರಿಯ ಪೈಲಟ್ ಒಬ್ಬರು ಉತ್ತರಿಸಿದ್ದಾರೆ. ಮುಂಗಾರು ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಡ್ಡಗಾಳಿಯ, ಅಂದರೆ ವಿಮಾನಕ್ಕೆ ಪಕ್ಕದಿಂದ ಬೀಸುವ ಗಾಳಿಯ, ಕುರಿತೇ ಇದ್ದವು.

ಪ್ರಶ್ನೆ: ಜೂನ್‌ನಲ್ಲಿ ಮಂಗಳೂರಿಗೆ ಬಂದಿಳಿಯುವಾಗ ನಮ್ಮ ವಿಮಾನ ಓರೆಯಾಗಿ ಬರುತ್ತಿದೆ ಅನ್ನಿಸಿತು. ನೆಲ ಮುಟ್ಟುವ ಹೊತ್ತಿಗೆ ಒಮ್ಮೆ ಹೊರಳಿ, ದಡ್ ಎಂದು ಕೂತಿತು. ಪೈಲಟ್‌ಗೆ ಅನುಭವ ಸಾಲದೆ ಹೀಗಾಯಿತೇ? (ಓದುಗರೊಬ್ಬರು, ಸುರತ್ಕಲ್)

ಉತ್ತರ: ನಿಮಗೆ ಅನ್ನಿಸಿದ್ದು ಸರಿ. ವಿಮಾನ ಓರೆಯಾಗಿಯೇ ಬರುತ್ತಿತ್ತು, ಬರಬೇಕಾದದ್ದೂ ಹಾಗೆಯೇ. ಮಂಗಳೂರಿನ ರನ್‌ವೇಯ ಒಂದು ತುದಿಯಲ್ಲಿ 06, ಇನ್ನೊಂದರಲ್ಲಿ 24 ಎಂದು ಬರೆದಿದೆ. 24 ಎಂದರೆ ದಿಕ್ಸೂಚಿಯಲ್ಲಿ ಸುಮಾರು 240 ಡಿಗ್ರಿ. ಪಡುವಣ ಗಾಳಿ 270 ಡಿಗ್ರಿಯಿಂದ 24 ನಾಟ್ ವೇಗದಲ್ಲಿ ಬೀಸುತ್ತಿದೆ ಎಂದುಕೊಳ್ಳಿ. ರನ್‌ವೇಗೂ ಗಾಳಿಗೂ 30 ಡಿಗ್ರಿ ಅಂತರ. ಆಗ ಗಾಳಿಯ ಅರ್ಧ ಬಲ, ಅಂದರೆ 12 ನಾಟ್, ಗಂಟೆಗೆ ಸುಮಾರು 22 ಕಿಲೋಮೀಟರ್, ಬಲಗಡೆಯಿಂದ ವಿಮಾನವನ್ನು ದೂಡುತ್ತದೆ. ಮೂತಿಯನ್ನು ರನ್‌ವೇಗೆ ನೇರವಾಗಿ ಹಿಡಿದು ರೆಕ್ಕೆಗಳನ್ನು ಸಮವಾಗಿ ಇಟ್ಟುಕೊಂಡು ಬಂದರೆ ವಿಮಾನ ರನ್‌ವೇ ಸೇರುವುದಿಲ್ಲ, ಎಡಕ್ಕೆ ಸರಿದುಹೋಗುತ್ತದೆ. ನೇತ್ರಾವತಿ ತುಂಬಿ ಹರಿಯುವಾಗ ಎದುರು ದಡದ ಕಡವಿಗೆ ಹೋಗಬೇಕಾದ ದೋಣಿಯವನು ದೋಣಿಯ ಮೂತಿಯನ್ನು ಹೊಳೆಯ ಮೇಲಕ್ಕೆ ತಿರುಗಿಸಿ ಹುಟ್ಟು ಹಾಕುತ್ತಾನಲ್ಲ, ಪೈಲಟ್ ಮಾಡುವುದೂ ಅದನ್ನೇ.

ಹೊಳೆಗಿಲ್ಲದ ತೊಡಕು ನೆಲಕ್ಕಿದೆ. ಓರೆಯಾಗಿಯೇ ಇಳಿದರೆ ಚಕ್ರಗಳು ಒಂದು ಕಡೆ ನೋಡುತ್ತಿರುತ್ತವೆ, ವಿಮಾನ ಇನ್ನೊಂದು ಕಡೆ ಓಡುತ್ತಿರುತ್ತದೆ. ಆದ್ದರಿಂದ ಕೊನೆಯ ಕೆಲವು ಕ್ಷಣಗಳಲ್ಲಿ ಕಾಲಿನಿಂದ ರಡ್ಡರ್ ಪೆಡಲ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್, ಒತ್ತಿ ಮೂತಿಯನ್ನು ರನ್‌ವೇ ನೇರಕ್ಕೆ ತರಬೇಕು. ನಿಮಗೆ ತಿಳಿದ ಹೊರಳು ಅದು. ಮೂತಿ ಎಡಕ್ಕೆ ತಿರುಗುವಾಗ ಬಲರೆಕ್ಕೆ ಮುಂದಕ್ಕೆ ಬೀಸಿಕೊಂಡು ಹೆಚ್ಚು ಗಾಳಿ ಹಿಡಿದು ಏಳಲು ನೋಡುತ್ತದೆ. ಅದನ್ನು ಕೈಯಲ್ಲಿ ತಗ್ಗಿಸಿ ಹಿಡಿಯಬೇಕು. ಕಾಲು ಒಂದು ಕಡೆಗೆ, ಕೈ ಇನ್ನೊಂದು ಕಡೆಗೆ. ಇನ್ನು, ಒದ್ದೆ ರನ್‌ವೇ ಮೇಲೆ ವಿಮಾನವನ್ನು ತೇಲಿಸದೆ ಗಟ್ಟಿಯಾಗಿ ಕೂರಿಸಬೇಕೆಂದೇ ನಮಗೆ ಕಲಿಸುತ್ತಾರೆ. ಚಕ್ರ ನೀರಿನ ಪದರವನ್ನು ಸೀಳಿ ನೆಲ ಹಿಡಿಯಬೇಕು. ನಿಮ್ಮ ಪೈಲಟ್ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ.

ಪ್ರಶ್ನೆ: ಮಗಳು ವಾಣಿಜ್ಯ ಪೈಲಟ್ ಪರವಾನಗಿಗೆ ತರಬೇತಿ ಪಡೆಯುತ್ತಿದ್ದಾಳೆ. ಮುಂದೆ ಅವಳು ನಡೆಸುವುದು ನೂರೆಂಬತ್ತು ಜನರ ಜೆಟ್, ಈಗ ಕಲಿಯುತ್ತಿರುವುದು ನಾಲ್ಕು ಸೀಟಿನ ಸೆಸ್ನಾ. ಅಡ್ಡಗಾಳಿಯಲ್ಲಿ ಇಳಿಯುವ ಅಭ್ಯಾಸಕ್ಕೆ ಹೆಚ್ಚುವರಿ ಗಂಟೆಗಳು ಬೇಕು ಎನ್ನುತ್ತಿದ್ದಾಳೆ. ಒಂದೊಂದು ಗಂಟೆಗೂ ದುಬಾರಿ ಶುಲ್ಕ. ಮುಂದೆ ಹೇಗೂ ದೊಡ್ಡ ಸಿಮ್ಯುಲೇಟರ್‌ನಲ್ಲಿ ಕಲಿಸುತ್ತಾರಲ್ಲ, ಈಗ ಈ ಖರ್ಚು ಬೇಕೆ? (ಒಬ್ಬ ತಂದೆ, ಹಾಸನ)

ಉತ್ತರ: ಬೇಕು. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಉಳಿಸಬೇಡಿ. ನಮ್ಮಲ್ಲಿ ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಆ ಗಂಟೆಗಳೆಲ್ಲ ಗಾಳಿ ಮಲಗಿರುವ ಮುಂಜಾನೆಗಳಲ್ಲೇ ಮುಗಿದುಹೋದರೆ ಪುಸ್ತಕದಲ್ಲಿ ಲೆಕ್ಕ ಪೂರ್ತಿಯಾಗುತ್ತದೆ, ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ.

ಸೆಸ್ನಾ 172 ಇಳಿಯಲು ಬರುವುದು ಸುಮಾರು 65 ನಾಟ್ ವೇಗದಲ್ಲಿ. ಏರ್‌ಬಸ್ ಎ320 ಬರುವುದು ಸುಮಾರು 135 ನಾಟ್‌ನಲ್ಲಿ. ಪಕ್ಕದಿಂದ 15 ನಾಟ್ ಗಾಳಿ ಬೀಸಿದರೆ ಸೆಸ್ನಾ ತನ್ನ ಮೂತಿಯನ್ನು 13 ಡಿಗ್ರಿಯಷ್ಟು ಓರೆ ಹಿಡಿಯಬೇಕು. ಎ320 ಅಷ್ಟೇ ಓರೆ ಹಿಡಿಯಬೇಕಾದರೆ 30 ನಾಟ್ ಅಡ್ಡಗಾಳಿ ಬೇಕು. ಅಂತಹ ಗಾಳಿ ಪ್ರಯಾಣಿಕ ವಿಮಾನದ ಪೈಲಟ್‌ಗೆ ಎಷ್ಟು ಬಾರಿ ಸಿಗುತ್ತದೆ? ತೀರ ಅಪರೂಪ. ಏರ್‌ಪೋರ್ಟ್ ಕಟ್ಟುವವರೇ ಅದು ಸಿಗದಂತೆ ನೋಡಿಕೊಂಡಿರುತ್ತಾರೆ. ದೊಡ್ಡ ವಿಮಾನಗಳ ರನ್‌ವೇಯಲ್ಲಿ ಅಡ್ಡಗಾಳಿ 20 ನಾಟ್ ಮೀರದ ಹೊತ್ತು ಶೇಕಡ 95ಕ್ಕೆ ಕಡಿಮೆಯಾಗದಂತೆ ದಿಕ್ಕನ್ನು ಆರಿಸಬೇಕು ಎಂಬುದು ಅಂತರರಾಷ್ಟ್ರೀಯ ಶಿಫಾರಸು. ಬೆಂಗಳೂರನ್ನೇ ನೋಡಿ. ಜಕ್ಕೂರು, ಎಚ್‌ಎಎಲ್, ದೇವನಹಳ್ಳಿ ಮೂರರಲ್ಲೂ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮ. ಆಷಾಢದ ಗಾಳಿ ಎಷ್ಟೇ ಜೋರಾಗಿದ್ದರೂ ಬಹುಮಟ್ಟಿಗೆ ಎದುರಿನಿಂದಲೇ ಬರುತ್ತದೆ. ಪ್ರಯಾಣಿಕರಿಗೆ ಇದು ಒಳ್ಳೆಯದೇ. ಪೈಲಟ್‌ಗೆ ಮಾತ್ರ, ಕಷ್ಟದ ಗಾಳಿ ಬಂದ ದಿನ ಅದು ಹೆಚ್ಚುಕಡಿಮೆ ಹೊಸದಾಗಿಯೇ ಬಂದಿರುತ್ತದೆ. ಸೆಸ್ನಾದಲ್ಲಿ ಆ ಕೋನ ಒಂದು ಸಾಧಾರಣ ಮಧ್ಯಾಹ್ನದ ಗಾಳಿಗೇ ಸಿಗುತ್ತದೆ.

ಜೆಟ್ ಒಂದು 50 ಅಡಿಯಿಂದ ನೆಲಕ್ಕೆ ಇಳಿಯಲು ಏಳೆಂಟು ಸೆಕೆಂಡು ಸಾಕು. ಅಡ್ಡಗಾಳಿಯ ನಿಜವಾದ ಕೆಲಸವೆಲ್ಲ ಅಷ್ಟರಲ್ಲೇ. ದೂರದ ದೇಶಗಳಿಗೆ ಹಾರುವ ಪೈಲಟ್‌ಗೆ ತಿಂಗಳಿಗೆ ಬೆರಳೆಣಿಕೆಯ ಲ್ಯಾಂಡಿಂಗ್‌ಗಳು, ಅವನ್ನೂ ಜೊತೆಗಾರನೊಂದಿಗೆ ಹಂಚಿಕೊಳ್ಳಬೇಕು. ಪುಟ್ಟ ವಿಮಾನದಲ್ಲಿ ರನ್‌ವೇ ಸುತ್ತ ಸುತ್ತು ಹೊಡೆಯುತ್ತಾ ಗಂಟೆಗೆ ಎಂಟು–ಹತ್ತು ಬಾರಿ ಇಳಿದೇಳಬಹುದು. ಅದಕ್ಕೆ ಮೂವತ್ತೈದು ಲೀಟರ್ ಇಂಧನ ಸಾಕು. ಎ320ನಲ್ಲಿ ಇದೇ ಅಭ್ಯಾಸಕ್ಕೆ ಗಂಟೆಗೆ ಎರಡು ಟನ್‌ಗೂ ಹೆಚ್ಚು ಇಂಧನ ಸುಡಬೇಕು.

ನಾನು ಮಾಡಿಸುವ ಒಂದು ಅಭ್ಯಾಸವನ್ನು ಹೇಳುತ್ತೇನೆ, ನಿಮ್ಮ ಹಣ ಎಲ್ಲಿಗೆ ಹೋಗುತ್ತದೆಂಬುದು ತಿಳಿಯಲಿ. ಇದಕ್ಕೆ ಉದ್ದದ ರನ್‌ವೇ ಬೇಕು, ನಿಯಂತ್ರಣ ಗೋಪುರದ ಅನುಮತಿ ಬೇಕು. ಮೊದಲು ವಿದ್ಯಾರ್ಥಿಯ ಬೂಟು ನೋಡುತ್ತೇನೆ. ದಪ್ಪ ಅಟ್ಟೆಯ ಓಟದ ಬೂಟು ಹಾಕಿಕೊಂಡು ಬಂದರೆ ಬದಲಿಸಿಕೊಂಡು ಬಾ ಎನ್ನುತ್ತೇನೆ. ಪೆಡಲ್ ಎದುರೊತ್ತುವುದು ಅಂಗಾಲಿಗೆ ತಿಳಿಯಬೇಕು. ಹಿಮ್ಮಡಿ ನೆಲದ ಮೇಲೆ, ಬೆರಳ ಬುಡ ಪೆಡಲ್‌ನ ಕೆಳಭಾಗದಲ್ಲಿ. ಬೆರಳು ಮೇಲಕ್ಕೆ ಹೋದರೆ ಬ್ರೇಕ್ ತುಳಿದಂತಾಗುತ್ತದೆ. ಗಾಳಿಚೀಲ ಅರ್ಧ ತುಂಬಿ ರನ್‌ವೇಗೆ ಅಡ್ಡವಾಗಿ ನಿಂತಿರುವ ಹೊತ್ತು. ಎಂಟು–ಹತ್ತು ಅಡಿ ಎತ್ತರಕ್ಕೆ ಇಳಿಯುತ್ತೇವೆ, ಆದರೆ ನೆಲ ಮುಟ್ಟುವುದಿಲ್ಲ. ಎಂಜಿನ್ ಬಲದ ಹಿಡಿ, ಥ್ರಾಟಲ್, ನನ್ನ ಕೈಯಲ್ಲಿ, ಉಳಿದದ್ದು ವಿದ್ಯಾರ್ಥಿಯದು. ಗಾಳಿ ಬರುವ ಕಡೆಯ ರೆಕ್ಕೆಯನ್ನು ತಗ್ಗಿಸಿ, ಎದುರು ಕಡೆಯ ಪೆಡಲ್ ಒತ್ತಿ, ಮೂತಿಯನ್ನು ರನ್‌ವೇ ನೇರಕ್ಕೆ ಇಟ್ಟು ಸಾಗಬೇಕು. ಆಮೇಲೆ ನಾನು ‘ಎಡ ಅಂಚಿಗೆ’ ಎನ್ನುತ್ತೇನೆ. ಮೂತಿ ಒಂದಿಷ್ಟೂ ತಿರುಗಬಾರದು, ರೆಕ್ಕೆಯ ಓರೆಯನ್ನು ಕೂದಲೆಳೆಯಷ್ಟು ಬದಲಿಸಿ ಇಡೀ ವಿಮಾನ ಪಕ್ಕಕ್ಕೆ ಸರಿಯಬೇಕು. ‘ನಡುಗೆರೆಗೆ’ ಎನ್ನುತ್ತೇನೆ. ಮತ್ತೆ ಬರಬೇಕು. ‘ಬಲ ಅಂಚಿಗೆ.’ ಹೀಗೆ ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ನೆಲದ ಸನಿಹದಲ್ಲೇ ಇರುತ್ತೇವೆ. ಒಂದು ಸಲ ರನ್‌ವೇ ಉದ್ದಕ್ಕೂ ಸಾಗಿದರೆ ನಾಲ್ಕೈದು ಜೆಟ್ ಲ್ಯಾಂಡಿಂಗ್‌ಗಳ ಕೊನೆಯ ಕ್ಷಣಗಳಷ್ಟು ಅಭ್ಯಾಸ ಆಗಿರುತ್ತದೆ.

ಮೊದಮೊದಲು ಎಲ್ಲರ ಕಾಲೂ ಮರಗಟ್ಟಿದಂತೆ ನಿಂತಿರುತ್ತದೆ. ಕಣ್ಣು ನೋಡುತ್ತದೆ, ತಲೆ ಲೆಕ್ಕ ಹಾಕುತ್ತದೆ, ಅಷ್ಟರಲ್ಲಿ ಗಾಳಿ ಬದಲಾಗಿರುತ್ತದೆ. ಕೆಲವು ಗಂಟೆಗಳಾದ ಮೇಲೆ ಒಂದು ಬೆಳಗ್ಗೆ ಕಾಲು ತಾನಾಗಿ ಒತ್ತುತ್ತದೆ. ಪಕ್ಕಕ್ಕೆ ಜಾರಿದ್ದು ಮೊದಲು ತಿಳಿಯುವುದು ಕುಳಿತ ಸೀಟಿನಲ್ಲಿ, ಕಣ್ಣಿಗೆ ಆಮೇಲೆ. ಅದು ಬಂದ ವಿದ್ಯಾರ್ಥಿಯ ಮುಖ ನೋಡಿದರೆ ಸಾಕು, ನನಗೆ ಗೊತ್ತಾಗುತ್ತದೆ. ಮಗಳು ತಾನಾಗಿಯೇ ಇದನ್ನು ಕೇಳುತ್ತಿದ್ದಾಳೆಂದರೆ ಅವಳಿಗೆ ಏನು ಕಲಿಯಬೇಕೆಂಬುದು ತಿಳಿದಿದೆ. ಕೊಡಿಸಿ.

ಪ್ರಶ್ನೆ: ಇಂದಿನ ಸಿಮ್ಯುಲೇಟರ್‌ಗಳು ಆರು ಕಾಲುಗಳ ಮೇಲೆ ನಿಂತು ಎಲ್ಲ ದಿಕ್ಕಿಗೂ ಅಲುಗಾಡುತ್ತವೆ, ಎಂತಹ ಗಾಳಿಯನ್ನೂ ತೋರಿಸುತ್ತವೆ. ಅವುಗಳ ಮೇಲೆ ನಂಬಿಕೆ ಇಲ್ಲವೆಂದರೆ ಅದು ಹಳೆಯ ಕಾಲದ ಹಟವಾಗುವುದಿಲ್ಲವೇ? (ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಉತ್ತರ: ಸಿಮ್ಯುಲೇಟರ್ ಮೇಲೆ ನನಗೆ ಅಪಾರ ಗೌರವವಿದೆ. ಟೇಕಾಫ್ ಹೊತ್ತಿಗೆ ಎಂಜಿನ್ ಕೈಕೊಡುವುದನ್ನು, ಕಾಕ್‌ಪಿಟ್‌ನಲ್ಲಿ ಹೊಗೆ ತುಂಬುವುದನ್ನು ನಿಜವಾದ ವಿಮಾನದಲ್ಲಿ ಕಲಿಸಲು ಹೊರಟರೆ ಪೈಲಟ್‌ಗಳನ್ನೇ ಕಳೆದುಕೊಳ್ಳುತ್ತೇವೆ. ಜೆಟ್‌ನ ಅಳತೆ, ಕಣ್ಣಿನ ಎತ್ತರ, ಕೆಲಸದ ಕ್ರಮ ಎಲ್ಲವನ್ನೂ ಅಲ್ಲಿಯೇ ಕಲಿಯಬೇಕು.

ಆದರೆ ಯಂತ್ರಕ್ಕೆ ಅದರದೇ ಮಿತಿ ಇದೆ, ಎಂಜಿನಿಯರ್ ಆದ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಆ ಆರು ಕಾಲುಗಳು ಚಾಚುವುದು ಒಂದೆರಡು ಮೀಟರ್. ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸಲು ಅದು ಮೊದಲು ಒಂದು ದೂಡು ಕೊಡುತ್ತದೆ. ಬಳಿಕ ನಮಗೆ ತಿಳಿಯದಷ್ಟು ನಿಧಾನವಾಗಿ ತನ್ನ ಜಾಗಕ್ಕೆ ಮರಳಬೇಕು, ಇಲ್ಲವಾದರೆ ಮುಂದಿನ ದೂಡಿಗೆ ಜಾಗ ಉಳಿಯುವುದಿಲ್ಲ. ದೀರ್ಘವಾಗಿ ಪಕ್ಕಕ್ಕೆ ಎಳೆಯುವ ಅನುಭವವನ್ನು ಕೋಣೆಯನ್ನೇ ಓರೆ ಮಾಡಿ ತರಿಸುತ್ತಾರೆ. ಕಣ್ಣಿಗೆ ಎಲ್ಲವೂ ಸರಿ ಕಾಣುತ್ತದೆ. ದೇಹಕ್ಕೆ ಸಿಗುವುದು ಅಂದಾಜು.

ಇನ್ನು ಗಾಳಿ. 2008ರ ಡಿಸೆಂಬರ್ 20ರ ಸಂಜೆ ಅಮೆರಿಕದ ಡೆನ್ವರ್‌ನಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್‌ನ ಬೋಯಿಂಗ್ 737 ಒಂದು ಟೇಕಾಫ್‌ಗೆ ಓಡುತ್ತಿದ್ದಾಗ ರನ್‌ವೇಯಿಂದ ಎಡಕ್ಕೆ ಹೊರಳಿ ಮೈದಾನಕ್ಕೆ ನುಗ್ಗಿತು, ಬೆಂಕಿಯೂ ಹತ್ತಿತು. ಒಳಗಿದ್ದ 115 ಜನರೂ ಉಳಿದದ್ದು ಪುಣ್ಯ. 45 ನಾಟ್‌ನ ಬೀಸು ಬಂದ ಹೊತ್ತಿನಲ್ಲಿ ಕ್ಯಾಪ್ಟನ್ ಬಲ ರಡ್ಡರ್ ಒತ್ತುವುದನ್ನು ನಿಲ್ಲಿಸಿದ್ದೇ ಅಪಘಾತದ ಕಾರಣ ಎಂದಿತು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಿಮ್ಯುಲೇಟರ್‌ಗಳಲ್ಲಿ ಗಾಳಿಯ ಬೀಸನ್ನು ಸರಿಯಾಗಿ ರೂಪಿಸದೆ ಇದ್ದುದರಿಂದ ಇಡೀ ಉದ್ಯಮದಲ್ಲೇ ಅಡ್ಡಗಾಳಿ ತರಬೇತಿ ಸಾಲದಾಗಿತ್ತು, ಅದೂ ಒಂದು ಕಾರಣ ಎಂದು ಬರೆಯಿತು. ಯಂತ್ರದೊಳಗಿನ ಗಾಳಿ ಹೇಳಿದ ವೇಗದಲ್ಲಿ, ಹೇಳಿದ ದಿಕ್ಕಿನಿಂದ ಸಮವಾಗಿ ಬೀಸುತ್ತಿತ್ತು. ಹೊರಗಿನ ಗಾಳಿ ಹ್ಯಾಂಗರ್ ಸಂದಿಯಿಂದ ಒಮ್ಮೆ ನುಗ್ಗುತ್ತದೆ, ಮರದ ಸಾಲಿನ ಹಿಂದೆ ಸತ್ತೇ ಹೋಗುತ್ತದೆ. ಆಮೇಲೆ ಸುಧಾರಣೆ ಆಗಿದೆ, ಒಪ್ಪುತ್ತೇನೆ. ಆದರೂ ಸಿಮ್ಯುಲೇಟರ್ ಒಂದರಿಂದಲೇ ಎಲ್ಲವನ್ನೂ ಕಲಿಸಲಾಗದೆಂದು ಯುರೋಪಿನ ನಿಯಂತ್ರಕರೂ ಒಪ್ಪಿದ್ದಾರೆ. ವಿಮಾನ ಹತೋಟಿ ತಪ್ಪಿ ಹೊರಳಿದಾಗ ಸರಿಪಡಿಸುವ ತರಬೇತಿಯನ್ನು, ಏರ್‌ಲೈನ್ ಸೇರಲು ಹೊರಟ ಪೈಲಟ್‌ಗಳು ಕನಿಷ್ಠ 3 ಗಂಟೆ ನಿಜವಾದ ವಿಮಾನದಲ್ಲೇ ಪಡೆಯಬೇಕೆಂದು 2019ರ ಡಿಸೆಂಬರ್‌ನಿಂದ ಅಲ್ಲಿ ನಿಯಮವಾಗಿದೆ. ಅಡ್ಡಗಾಳಿಗೂ ಅಂತಹ ನಿಯಮ ಬೇಕು. ಅದು ನಮ್ಮ ದೇಶದಲ್ಲೂ ಬರಬೇಕು, ಹೊಸಬರಿಗಷ್ಟೇ ಸೀಮಿತವಾಗದೆ ವರ್ಷಗಟ್ಟಲೆ ಜೆಟ್ ನಡೆಸಿದವರಿಗೂ ಬರಬೇಕು. ವರ್ಷಕ್ಕೆ ಎರಡು ದಿನ ಅವರನ್ನು ಪುಟ್ಟ ವಿಮಾನದಲ್ಲಿ ಕೂರಿಸಿದರೆ ಸಾಕು.

ಪ್ರಶ್ನೆ: ನಾನು ಎ320ನಲ್ಲಿ ಸಹಪೈಲಟ್. ಸೆಸ್ನಾದಲ್ಲಿ ಅಡ್ಡಗಾಳಿ ಅಭ್ಯಾಸ ಮಾಡಬೇಕೆಂಬ ಆಸೆ ಇದೆ. ಆದರೆ ಪುಟ್ಟ ವಿಮಾನದ ರೂಢಿ ದೊಡ್ಡದರಲ್ಲಿ ಅಪಾಯ ತರುತ್ತದೆ ಎಂದು ಸಹೋದ್ಯೋಗಿಗಳು ಹೆದರಿಸುತ್ತಾರೆ. (ಹೆಸರು ಬೇಡವೆಂದವರು)

ಉತ್ತರ: ಅವರ ಮಾತಿನಲ್ಲಿ ಹುರುಳಿದೆ. ಯಾವುದನ್ನು ಒಯ್ಯಬೇಕು, ಯಾವುದನ್ನು ಸೆಸ್ನಾದ ಬಾಗಿಲಲ್ಲೇ ಬಿಡಬೇಕು ಎಂಬುದು ಸ್ಪಷ್ಟವಿದ್ದರೆ ಹೆದರಬೇಕಾಗಿಲ್ಲ.

ಸೆಸ್ನಾದಲ್ಲಿ ರೆಕ್ಕೆ ತಗ್ಗಿಸಿ ಹಿಡಿಯಲು ಕೈಯನ್ನು ಒಂದು ಕಡೆಗೆ ಒತ್ತಿಯೇ ಇರಬೇಕು. ನಿಮ್ಮ ಸೈಡ್‌ಸ್ಟಿಕ್ (ಪಕ್ಕದಲ್ಲಿರುವ ಹಿಡಿಕೋಲು) ಕೇಳುವುದು ಹೊರಳುವ ವೇಗವನ್ನು. ಒತ್ತಿ ಹಿಡಿದೇ ಇದ್ದರೆ ವಿಮಾನ ಹೊರಳುತ್ತಲೇ ಹೋಗುತ್ತದೆ. ರೆಕ್ಕೆಯನ್ನು ಎಷ್ಟು ತಗ್ಗಿಸಬಹುದೆಂಬ ಲೆಕ್ಕವೂ ಬೇರೆ. ಸೆಸ್ನಾದ ರೆಕ್ಕೆ ತಲೆಯ ಮೇಲಿದೆ, ನಿಮ್ಮದು ಕೆಳಗಿದ್ದು ಎಂಜಿನ್ ಹೊತ್ತುಕೊಂಡಿದೆ. ಜೋರು ಅಡ್ಡಗಾಳಿಯಲ್ಲಿ ನೆಲ ಮುಟ್ಟುವಾಗ ಮೂತಿಯ ಓರೆ 5 ಡಿಗ್ರಿ, ರೆಕ್ಕೆಯ ತಗ್ಗು 5 ಡಿಗ್ರಿ ಮೀರಬಾರದೆಂದು ಏರ್‌ಬಸ್ ಹೇಳುವುದು ಅದಕ್ಕೇ. ನೀವು ಕುಳಿತ ಜಾಗವೂ ಬೇರೆ. ಸೆಸ್ನಾದಲ್ಲಿ ಹೆಚ್ಚುಕಡಿಮೆ ಚಕ್ರಗಳ ಮೇಲೆಯೇ ಕುಳಿತಿರುತ್ತೀರಿ. ಎ320ನಲ್ಲಿ ಮೂತಿಯ ಚಕ್ರಕ್ಕೂ ಮುಖ್ಯ ಚಕ್ರಗಳಿಗೂ 12 ಮೀಟರ್‌ಗಿಂತ ಹೆಚ್ಚು ಅಂತರ. 10 ಡಿಗ್ರಿ ಓರೆಯಲ್ಲಿ ಮುಖ್ಯ ಚಕ್ರಗಳು ನಡುಗೆರೆಯ ಮೇಲಿದ್ದರೆ ನೀವು ಎರಡು ಮೀಟರ್‌ಗೂ ಹೆಚ್ಚು ಗಾಳಿಯ ಕಡೆಗೆ ಇರುತ್ತೀರಿ.

ಎಲ್ಲಕ್ಕಿಂತ ಮುಖ್ಯವಾಗಿ, ಸೆಸ್ನಾದಲ್ಲಿ ಮಾಡುವಂತೆ ಎಡ–ಬಲ–ಎಡ ಎಂದು ಪೆಡಲ್ ತುಳಿಯುವುದನ್ನು ಜೆಟ್‌ಗೆ ಒಯ್ಯಲೇಬೇಡಿ. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಿಂದ ಏರಿದ ಅಮೆರಿಕನ್ ಏರ್‌ಲೈನ್ಸ್‌ನ ಎ300, ಮುಂದಿದ್ದ ವಿಮಾನ ಎಬ್ಬಿಸಿದ ಸುಳಿಗೆ ಸಿಕ್ಕಾಗ ಸಹಪೈಲಟ್ ರಡ್ಡರನ್ನು ಮತ್ತೆ ಮತ್ತೆ ಎರಡೂ ಕಡೆಗೆ ಒತ್ತಿದ್ದರಿಂದ ಬಾಲದ ನಿಲುರೆಕ್ಕೆ ಕಿತ್ತುಹೋಯಿತು. ನೆಲದ ಮೇಲಿದ್ದವರೂ ಸೇರಿ 265 ಜನ ಸತ್ತರು. ಅದು ಲ್ಯಾಂಡಿಂಗ್ ಹೊತ್ತಿನ ಘಟನೆಯಲ್ಲದಿದ್ದರೂ ರಡ್ಡರ್ ಮುಟ್ಟುವ ಪ್ರತಿಯೊಬ್ಬ ಜೆಟ್ ಪೈಲಟ್ ಅದನ್ನು ನೆನಪಿಡಬೇಕು.

ಹಾಗಾದರೆ ಒಯ್ಯುವುದೇನು? ಪಕ್ಕಕ್ಕೆ ಜಾರಿದ್ದನ್ನು ಆ ಕ್ಷಣವೇ ಗುರುತಿಸುವ ಕಣ್ಣು. ಮೂತಿಯನ್ನು ನೇರ ಮಾಡುವಾಗ ಗಾಳಿಯ ಕಡೆಯ ರೆಕ್ಕೆ ಏಳುತ್ತದೆಂದು ಮೊದಲೇ ಕಾಯುವ ಕೈ. 2008ರ ಮಾರ್ಚ್ 1ರಂದು ಎಮ್ಮಾ ಎಂಬ ಬಿರುಗಾಳಿಯ ನಡುವೆ ಹ್ಯಾಂಬರ್ಗ್‌ನ 23ನೇ ರನ್‌ವೇಗೆ ಇಳಿಯಹೊರಟ ಲುಫ್ತಾನ್ಸಾದ ಎ320ಗೆ ಏನಾಯಿತೆಂಬುದು ನಿಮಗೆ ತಿಳಿದೇ ಇರುತ್ತದೆ; ಇತರ ಓದುಗರಿಗಾಗಿ ಹೇಳುತ್ತೇನೆ. ಗಾಳಿ ಬಲಗಡೆಯಿಂದ, ಬೀಸು 47 ನಾಟ್. ಮೂತಿ ನೇರವಾಗುತ್ತಿದ್ದಂತೆ ಬಲರೆಕ್ಕೆ ಎದ್ದಿತು, ಎಡ ಚಕ್ರ ನೆಲ ಮುಟ್ಟಿತು. ಅಷ್ಟಕ್ಕೇ ವಿಮಾನದ ಕಂಪ್ಯೂಟರ್ ನೆಲಕ್ಕಿಳಿದೆವೆಂದು ತಿಳಿದು, ರೆಕ್ಕೆಯ ಮೇಲಿನ ಹಿಡಿತವನ್ನು ಅರ್ಧದಷ್ಟು ಕಡಿಮೆ ಮಾಡಿತು. ಎಡರೆಕ್ಕೆಯ ತುದಿ ರನ್‌ವೇಯನ್ನು ಉಜ್ಜಿತು. ಪೈಲಟ್‌ಗಳು ಕೂಡಲೇ ಮೇಲಕ್ಕೆತ್ತಿ, ಸುತ್ತು ಹಾಕಿ, ಗಾಳಿಗೆ ಹೆಚ್ಚು ಎದುರಾಗಿದ್ದ 33ನೇ ರನ್‌ವೇಯಲ್ಲಿ ಇಳಿಸಿದರು. ಒಬ್ಬರಿಗೂ ಗಾಯವಾಗಲಿಲ್ಲ. ಆ ಕಂಪ್ಯೂಟರ್ ಲೆಕ್ಕಾಚಾರವನ್ನು ಯಾವ ಸೆಸ್ನಾವೂ ಕಲಿಸಲಾರದು. ಗಾಳಿಯ ಕಡೆಯ ರೆಕ್ಕೆ ಏಳುವುದನ್ನು ಕಲಿಸುತ್ತದೆ.

ಹೋಗಿ ಹಾರಿ. ಅನುಭವವುಳ್ಳ ತರಬೇತುದಾರರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಸಂಸ್ಥೆಯ ನಿಯಮದಂತೆ ಆ ಗಂಟೆಗಳ ಲೆಕ್ಕವನ್ನು ತಪ್ಪದೆ ಕೊಡಿ.

ಪ್ರಶ್ನೆ: ಸೆಸ್ನಾಗೆ 15 ನಾಟ್, ಎ320ಗೆ 33 ನಾಟ್ ಎಂದು ಕೈಪಿಡಿಯಲ್ಲಿ ಇದೆಯಂತೆ. ಅದಕ್ಕಿಂತ ಹೆಚ್ಚಾದರೆ ವಿಮಾನ ಬೀಳುತ್ತದೆಯೇ? (ಪಿಯುಸಿ ವಿದ್ಯಾರ್ಥಿ, ಧಾರವಾಡ)

ಉತ್ತರ: ಇಲ್ಲ. ವಿಮಾನವನ್ನು ಪರೀಕ್ಷಿಸಿದಾಗ ಅಷ್ಟು ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಿದ್ದರು ಎಂದಷ್ಟೇ ಅದರರ್ಥ. ಅದನ್ನು ಮಿತಿಯಾಗಿ ಹಿಡಿಯುವುದೋ ಇಲ್ಲವೋ ಎಂಬುದು ಆಯಾ ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು. ಅನೇಕ ಸಂಸ್ಥೆಗಳು ಹೊಸ ಸಹಪೈಲಟ್‌ಗಳಿಗೆ ಅದಕ್ಕಿಂತ ಕಡಿಮೆ ಮಿತಿ ಇಡುತ್ತವೆ. ಅದು ವಿವೇಕದ ಕೆಲಸ.

ಪ್ರಶ್ನೆ: ನಾನಿರುವ ತರಬೇತಿ ಶಾಲೆಯಲ್ಲಿ ಗಾಳಿ ಸ್ವಲ್ಪ ಎದ್ದರೂ ಹಾರಾಟ ನಿಲ್ಲಿಸಿಬಿಡುತ್ತಾರೆ. ಅಡ್ಡಗಾಳಿಯನ್ನು ಎಲ್ಲಿ ಕಲಿಯಲಿ? (ವಿದ್ಯಾರ್ಥಿನಿ)

ಉತ್ತರ: ಒಬ್ಬಳೇ ಹಾರುವುದನ್ನು ನಿಲ್ಲಿಸಿದ್ದರೆ ಅದು ಸರಿ, ಅದನ್ನು ಪ್ರಶ್ನಿಸಬೇಡಮ್ಮ. ತರಬೇತುದಾರರ ಜೊತೆಗೂ ಬಿಡುವುದಿಲ್ಲವೆಂದರೆ ಅದು ತಪ್ಪು. ‘ಎಂಟು–ಹತ್ತು ನಾಟ್ ಅಡ್ಡಗಾಳಿ ಇರುವ ದಿನ ನನ್ನನ್ನು ಕರೆದುಕೊಂಡು ಹೋಗಿ’ ಎಂದು ಮುಖ್ಯ ತರಬೇತುದಾರರಿಗೆ ಬರೆದು ಕೊಡು. ಬಾಯಿಮಾತಿಗಿಂತ ಬರೆದದ್ದಕ್ಕೆ ತೂಕ ಹೆಚ್ಚು.

ಅಲ್ಲಿಯವರೆಗೆ ಸುಮ್ಮನೆ ಕೂರಬೇಡ. ಗೋಪುರದವರು ಗಾಳಿ ಹೇಳಿದೊಡನೆ ಅದರ ಅಡ್ಡಪಾಲನ್ನು, ಅಂದರೆ ಪಕ್ಕದಿಂದ ದೂಡುವ ಪಾಲನ್ನು, ಮನಸ್ಸಿನಲ್ಲೇ ಕಟ್ಟು: ರನ್‌ವೇಯಿಂದ 15 ಡಿಗ್ರಿ ಅಂತರವಿದ್ದರೆ ಕಾಲುಭಾಗ, 30 ಇದ್ದರೆ ಅರ್ಧ, 45 ಇದ್ದರೆ ಮುಕ್ಕಾಲು, 60 ದಾಟಿದರೆ ಪೂರ್ತಿ ಎಂದೇ ಹಿಡಿ. ನೆಲದ ಮೇಲೆ ವಿಮಾನವನ್ನು ಓಡಾಡಿಸುವಾಗಲೂ ಗಾಳಿ ಎಲ್ಲಿಂದ ಬರುತ್ತಿದೆಯೋ ಅದಕ್ಕೆ ತಕ್ಕಂತೆ ಐಲರಾನ್ (ರೆಕ್ಕೆಯನ್ನು ಏರಿಸಿ ಇಳಿಸುವ, ರೆಕ್ಕೆಯ ಹಿಂಚಿನ ಪಟ್ಟಿ) ಇಡುವ ರೂಢಿ ಮಾಡಿಕೋ. ಇಳಿದ ಮೇಲೆ ಕೈ ಸಡಿಲ ಬಿಡಬೇಡ. ವೇಗ ಕಡಿಮೆಯಾದಂತೆ ಐಲರಾನ್‌ನ ಬಲವೂ ಕುಗ್ಗುವುದರಿಂದ, ಗಾಳಿಯ ಕಡೆಗೆ ಇನ್ನೂ ಹೆಚ್ಚು ಒತ್ತುತ್ತಾ ಹೋಗಬೇಕು. ಪುಟ್ಟ ವಿಮಾನಗಳು ಪಕ್ಕಕ್ಕೆ ಹೊರಳಿ ರನ್‌ವೇ ಬಿಡುವುದು ಹೆಚ್ಚಾಗಿ ಪೈಲಟ್ ‘ಇಳಿದಾಯಿತು’ ಎಂದು ನಿಟ್ಟುಸಿರು ಬಿಟ್ಟ ಮೇಲೆ.

ಆ ದಿನ ಬಂದಾಗ ಇದೊಂದನ್ನು ಮೊದಲೇ ತೀರ್ಮಾನಿಸಿಕೊಂಡು ಹತ್ತು. ಫ್ಲೇರ್ ಹೊತ್ತಿಗೆ, ಅಂದರೆ ನೆಲ ಮುಟ್ಟುವ ಮುನ್ನ ಮೂತಿ ಎತ್ತುವ ಹೊತ್ತಿಗೆ, ಮೂತಿ ರನ್‌ವೇಗೆ ನೇರವಿಲ್ಲದಿದ್ದರೆ, ಅಥವಾ ಪೆಡಲನ್ನು ಪೂರ್ತಿ ಒತ್ತಿದರೂ ವಿಮಾನ ನಡುಗೆರೆ ಬಿಟ್ಟು ಜಾರುತ್ತಲೇ ಇದ್ದರೆ, ಥ್ರಾಟಲ್ ಪೂರ್ತಿ ತಳ್ಳಿ ಮೇಲೇಳು. ಯಾರ ಒಪ್ಪಿಗೆಗೂ ಕಾಯಬೇಡ. ಸುತ್ತು ಹಾಕಿ ಮತ್ತೆ ಬರಲು ಆರು ನಿಮಿಷ ಸಾಕು.